ಮದಾಮ್ ದೆಫಾರ್ಜಳ ಹೆಣಿಗೆ

ಚಾರ್ಲ್ಸ್ ಡಿಕನ್ಸನ 'ಎ ಟೇಲ್ ಆಫ್ ಟು ಸಿಟೀಸ್' (1859) ಓದಿದವರು ಮದಾಮ್ ದೆಫಾರ್ಜಳನ್ನು ಮರೆಯಲಾರರು. ಪ್ಯಾರಿಸ್ಸಿನ ತನ್ನ ಮದ್ಯದಂಗಡಿಯಲ್ಲಿ ಕುಳಿತು ಆಕೆ ಹೆಣೆಯುತ್ತಲೇ ಇರುತ್ತಾಳೆ. ನೋಡುವವರಿಗೆ ಅದು ಬರೀ ಉಲ್ಲನ್ ಹೆಣಿಗೆ. ಅದರೊಳಗಿರುವುದು ಕ್ರಾಂತಿಯ ದಿನ ಸಾಯಬೇಕಾದವರ ಹೆಸರುಗಳು. ಸುದ್ದಿತಾಣಗಳಲ್ಲಿ ವರದಿಯ ಕೆಳಗೆ ಸಾಲುಗಟ್ಟುವ ಓದುಗರ ಪ್ರತಿಕ್ರಿಯೆಗಳನ್ನು ಕಂಡಾಗಲೆಲ್ಲ ನಮಗೆ ಈಕೆ ನೆನಪಾಗುತ್ತಾಳೆ. ಅಲ್ಲಿಯೂ ಮೊದಲು ನೋಡುವುದು ಹೆಸರನ್ನೇ. ವರದಿ ಕುಡಿಯುವ ನೀರಿನದಿರಲಿ, ಪರೀಕ್ಷೆಯ ಫಲಿತಾಂಶದ್ದಿರಲಿ, ಒಬ್ಬ ಸಲೀಮ, ಒಬ್ಬಳು ಫಾತಿಮಾ ಅದರಲ್ಲಿ ಸಿಕ್ಕರೆ ಸಾಕು, ನೀರೂ ಫಲಿತಾಂಶವೂ ಬದಿಗೆ ಸರಿಯುತ್ತವೆ.

ಆದರೆ ಈ ಹೋಲಿಕೆ ಪೂರ್ತಿ ಕೂಡಿಬರುವುದಿಲ್ಲ. ಡಿಕನ್ಸನಿಗೆ ಹೆಣಿಗೆ ಗೊತ್ತಿತ್ತೇ ಎಂಬುದೇ ನಮ್ಮ ಅನುಮಾನ. ಅದರಿಂದ ಒಂದಕ್ಷರವನ್ನೂ ಅಳಿಸಲಾಗದೆಂದು ಆತ ಆಕೆಯ ಗಂಡನಿಂದ ಹೇಳಿಸುತ್ತಾನೆ. ಕಡ್ಡಿ ಹಿಡಿದು ಎರಡು ದಿನವಾದ ಹುಡುಗಿಯೂ ಇದಕ್ಕೆ ನಕ್ಕಾಳು. ಉರ್ದು ಮನೆಗಳಲ್ಲಿ ಈ ಕಲಿಕೆಗೆ ಎರಡೇ ಮಾತು: ಸೀಧಾ, ಉಲ್ಟಾ. ಅವೂ ನಿಜದಲ್ಲಿ ಎರಡಲ್ಲ, ಒಂದೇ ಕುಣಿಕೆಯ ಮುಂಬದಿ, ಹಿಂಬದಿ. ಒಂದು ಕುಣಿಕೆ ಕಡ್ಡಿಯಿಂದ ಜಾರಿದರೆ ಕೆಳಗಿನ ಸಾಲುಗಳೂ ಏಣಿಯಂತೆ ಬಿಚ್ಚಿಕೊಳ್ಳುತ್ತವೆ. ಕಡ್ಡಿ ತೆಗೆದು ದಾರ ಎಳೆದರೆ ತಿಂಗಳ ಕೆಲಸ ಉಂಡೆಯಾಗಿ ಕೈಗೆ ಬರುತ್ತದೆ. ಹಳೆಯ ಸ್ವೆಟರ್ ಬಿಚ್ಚಿ ಮಗುವಿಗೆ ಟೋಪಿ ಮಾಡುವುದು ಹೀಗೆಯೇ.

ಪ್ರತಿಕ್ರಿಯೆಗೆ ಈ ಗುಣವಿಲ್ಲ. ತಾಣದವರು ಅಳಿಸಿದರೂ ಓದಿದವರ ಮನಸ್ಸಿನಿಂದ ಅದು ಬಿಚ್ಚಿಕೊಳ್ಳುವುದಿಲ್ಲ. ಬ್ರಿಟನ್ನಿನ 'ಗಾರ್ಡಿಯನ್' ಪತ್ರಿಕೆ ತನ್ನ ತಾಣಕ್ಕೆ ಬಂದಿದ್ದ 7 ಕೋಟಿ ಪ್ರತಿಕ್ರಿಯೆಗಳನ್ನು 2016ರಲ್ಲಿ ಪರಿಶೀಲಿಸಿತು. ಅವುಗಳಲ್ಲಿ ಸುಮಾರು 14 ಲಕ್ಷವನ್ನು ತಡೆಹಿಡಿಯಲಾಗಿತ್ತು. ಹೆಚ್ಚು ನಿಂದನೆ ಉಂಡ 10 ಮಂದಿ ಲೇಖಕರಲ್ಲಿ 8 ಮಂದಿ ಹೆಂಗಸರು, ಇನ್ನಿಬ್ಬರು ಕಪ್ಪುವರ್ಣದ ಗಂಡಸರು. ಆ ಎಂಟು ಹೆಂಗಸರಲ್ಲಿ ಒಬ್ಬಾಕೆ ಮುಸ್ಲಿಂ, ಒಬ್ಬಾಕೆ ಯಹೂದಿ. ನಿಂದನೆ ಅತಿ ಕಡಿಮೆ ಕಂಡ ಹತ್ತೂ ಮಂದಿ ಗಂಡಸರು.

ಅಂದರೆ ಚಿತ್ರವೇ ತಿರುಗುಮುರುಗು. ಡಿಕನ್ಸ್ ಹೆಸರು ಬರೆಯುವ ಕಡ್ಡಿಯನ್ನು ಹೆಣ್ಣಿನ ಕೈಗೆ ಕೊಟ್ಟ. ಇಲ್ಲಿ ಬರೆಸಿಕೊಳ್ಳುವವಳೇ ಆಕೆ. 2022ರ ಜನವರಿ 1ರಂದು ನಮ್ಮ ದೇಶದ ಮುಸ್ಲಿಂ ಹೆಂಗಸರ ಚಿತ್ರಗಳನ್ನು ಅಂತರ್ಜಾಲದಲ್ಲಿ 'ಹರಾಜಿಗೆ' ಇಟ್ಟರಲ್ಲ, ಆ ಪಟ್ಟಿಯಲ್ಲಿ ಪತ್ರಕರ್ತೆಯರೂ ಇದ್ದರು. ಫ್ರಾನ್ಸಿನ ಚರಿತ್ರೆಯೂ ಕಾದಂಬರಿಯಷ್ಟು ಸರಳವಲ್ಲ. 1789ರ ಅಕ್ಟೋಬರಿನಲ್ಲಿ ರೊಟ್ಟಿ ಕೇಳುತ್ತ ವರ್ಸೈಲ್ಸಿಗೆ ನಡೆದವರು ಹೆಂಗಸರು. 1793ರ ಅಕ್ಟೋಬರಿನಲ್ಲಿ ಅವರ ಸಂಘಗಳನ್ನು ನಿಷೇಧಿಸಿದ್ದು ಅದೇ ಕ್ರಾಂತಿಯ ಸರಕಾರ. ಗಿಲೊಟಿನ್ ಪಕ್ಕದ ಹೆಣಿಗೆ ಮಾತ್ರ ಅವರ ಹೆಸರಿಗೆ ಅಂಟಿಕೊಂಡಿತು.

ಡಿಕನ್ಸ್ ಒಂದು ನ್ಯಾಯ ಮಾಡಿದ್ದಾನೆ. ಮದಾಮ್ ದೆಫಾರ್ಜಳ ಅಕ್ಕನನ್ನು ಕೆಡಿಸಿ, ಆ ಮನೆಯನ್ನೇ ಅಳಿಸಿದವರು ಸಿರಿವಂತ ಕುಲೀನರು ಎಂದು ತಿಳಿಸುತ್ತಾನೆ. ಪ್ರತಿಕ್ರಿಯೆ ಬರೆಯುವ ಅನಾಮಿಕನಿಗೆ ಇಂಥ ಗಾಯ ಇರಬೇಕೆಂದಿಲ್ಲ. ಸಲೀಮನೋ ಫಾತಿಮಾಳೋ ಆತನಿಗೆ ಏನೂ ಮಾಡಿದವರಲ್ಲ. ಆದರೆ ಡಿಕನ್ಸ್ ಇದನ್ನು ತಿಳಿಸುವುದು ತೀರ ಕೊನೆಯಲ್ಲಿ, ಓದುಗ ಆಕೆಯನ್ನು ದ್ವೇಷಿಸಲು ಕಲಿತ ಮೇಲೆ. ಹಿಂದೆಯೇ ಆಕೆಯದೇ ಪಿಸ್ತೂಲಿನಿಂದ ಆಕೆಯನ್ನು ಸಾಯಿಸುತ್ತಾನೆ. ಕಾದಂಬರಿಯನ್ನು ಎರಡನೆಯ ಸಲ ಓದುವವರು ಡಾಕ್ಟರ್ ಮ್ಯಾನೆಟ್ಟನ ಪತ್ರವಿರುವ ಅಧ್ಯಾಯದಿಂದ ಶುರುಮಾಡಿದರೆ ಒಳ್ಳೆಯದು.