ಬಾಕಿ ಇಳಿದರೆ ಕೆಲಸವಾಯಿತೇ?

ಯಾವ ಕಚೇರಿಯ ಕೆಲಸ ಅಳೆಯಬೇಕಾದರೂ ನಾವು ಮೊದಲು ಕೇಳುವುದು ಒಂದೇ: ಬಾಕಿ ಎಷ್ಟಿದೆ? ಇಳಿದಿದ್ದರೆ ಶಹಬ್ಬಾಸ್, ಏರಿದ್ದರೆ ನೋಟಿಸು. ವೃತ್ತಿಯ ಸನ್ನದು ನೋಡಿಕೊಳ್ಳುವ ಸಂಸ್ಥೆಗಳ ಮಟ್ಟಿಗಂತೂ ಈ ಅಳತೆಗೋಲು ಮೋಸದ್ದು. ಕ್ಯಾಲಿಫೋರ್ನಿಯಾದ ಸ್ಟೇಟ್ ಬಾರ್ ಅನ್ನೇ ನೋಡಿ.

ಅಲ್ಲಿನ ವಕೀಲರ ಶಿಸ್ತು ಕ್ರಮದ ಹೊಣೆ ಇದರದು. ಖರ್ಚು ಬಹುಪಾಲು ವಕೀಲರು ಕಟ್ಟುವ ವಾರ್ಷಿಕ ಶುಲ್ಕದಿಂದಲೇ. 2011ರಲ್ಲಿ ಅದು ಕೊಳೆಯುತ್ತಿದ್ದ ದೂರುಗಳನ್ನು ಒಂದೇ ವರ್ಷದಲ್ಲಿ ಸುಮಾರು ಮೂರನೇ ಎರಡು ಭಾಗ ಇಳಿಸಿತು. ಹೇಗೆ? 2015ರಲ್ಲಿ ರಾಜ್ಯದ ಲೆಕ್ಕಪರಿಶೋಧಕರು ಅದನ್ನು ಬಿಡಿಸಿಟ್ಟರು. ಕಠಿಣ ಶಿಕ್ಷೆಗೆ ತಕ್ಕ ಪ್ರಕರಣಗಳನ್ನೂ ಸಣ್ಣ ಶಿಕ್ಷೆಗೆ ರಾಜಿ ಮಾಡಿ ಮುಗಿಸಲಾಗಿತ್ತು. ರಾಜ್ಯದ ಸುಪ್ರೀಂ ಕೋರ್ಟು ಇಂಥ 27 ಪ್ರಕರಣಗಳನ್ನು ಮರುಪರಿಶೀಲನೆಗೆ ವಾಪಸು ಕಳಿಸಿತ್ತು. ಮತ್ತೆ ನೋಡಿದಾಗ 21ರಲ್ಲಿ ಶಿಕ್ಷೆ ಹೆಚ್ಚಾಯಿತು. ಅವುಗಳ ಪೈಕಿ ಐದರಲ್ಲಿ ಸನ್ನದೇ ಹೋಯಿತು. ಅಂದರೆ ಕೋರ್ಟಿನಲ್ಲಿ ವಾದಿಸಲು ತಕ್ಕವರಲ್ಲದ ಐದು ಮಂದಿ, ವಿಲೇವಾರಿಯಾದ ಕಡತದೊಳಗೆ ಸುಖವಾಗಿ ಕೂತಿದ್ದರು!

ಇನ್ನು ಹಣ. ದೂರು ವಿಚಾರಿಸಲು ಸಿಬ್ಬಂದಿ ಸಾಲದೆ ಒದ್ದಾಡುತ್ತಿದ್ದ ಸಂಸ್ಥೆ 2012ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಟ್ಟಡ ಕೊಂಡಿತು. ಕೊಳ್ಳಲು, ನವೀಕರಿಸಲು ಸುರಿದದ್ದು 7.66 ಕೋಟಿ ಡಾಲರ್. ಬರೀ ವೋಚರು ತಾಳೆ ನೋಡುವ ಲೆಕ್ಕಿಗ ಇಲ್ಲಿ ತಪ್ಪು ಹುಡುಕಲಾರ. ಈ ದುಡ್ಡು ಯಾವ ಕೆಲಸದಿಂದ ತಪ್ಪಿಹೋಯಿತು ಎಂದು ಕೇಳುವವನಿಗೆ ಮಾತ್ರ ಅದು ಕಂಡೀತು.

ರಾಜ್ಯದ ಲೆಕ್ಕಪರಿಶೋಧಕರ 2022ರ ವರದಿ ಇನ್ನೂ ಕಟು. ಒಬ್ಬ ವಕೀಲರ ಮೇಲೆ ಏಳು ವರ್ಷಗಳಲ್ಲಿ 165 ದೂರು. ಹಲವನ್ನು ಹಾಗೆಯೇ, ಇಲ್ಲವೇ ಒಂದು ಖಾಸಗಿ ಪತ್ರ ಬರೆದು ಮುಚ್ಚಲಾಗಿತ್ತು. ಸೋತ ಕಕ್ಷಿದಾರನ ಸಿಟ್ಟೂ ದೂರಾಗುತ್ತದೆ ಎಂಬ ವಕೀಲರ ಅಳಲು ಸುಳ್ಳಲ್ಲ, ಒಪ್ಪೋಣ. ಆದರೆ ಒಂದೇ ಹೆಸರು 165 ಸಲ? ಇನ್ನೊಬ್ಬರ ಮೇಲೆ, ಕಕ್ಷಿದಾರರಿಗೆ ಸೇರಬೇಕಾದ ಪರಿಹಾರದ ಹಣ ಕೊಟ್ಟಿಲ್ಲವೆಂಬ ದೂರು ಮೇಲಿಂದ ಮೇಲೆ ಬಂದು ಮೇಲಿಂದ ಮೇಲೆ ಮುಚ್ಚಿಹೋಗಿತ್ತು. ಕೊನೆಗೊಮ್ಮೆ ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿ ನೋಡಿದರೆ, ಹಲವರ ಸುಮಾರು 41,000 ಡಾಲರ್ ನುಂಗಿದ್ದು ಬಯಲಾಯಿತು. ಬೇಕಾಗಿದ್ದದ್ದು ನಾಲ್ಕು ಹಾಳೆ ಕಾಗದ.

ನಮ್ಮ 1961ರ ವಕೀಲರ ಕಾಯ್ದೆ ರಾಜ್ಯ ವಕೀಲರ ಪರಿಷತ್ತುಗಳ ಲೆಕ್ಕಪತ್ರಕ್ಕೆ ಆಡಿಟ್ ಕಡ್ಡಾಯ ಮಾಡಿದೆ. ಶಿಸ್ತಿನ ದೂರು ಒಂದು ವರ್ಷದೊಳಗೆ ಮುಗಿಯದಿದ್ದರೆ ಅದು ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ಹಣಕ್ಕೆ ಲೆಕ್ಕವಿದೆ, ವೇಗಕ್ಕೆ ಗಡುವಿದೆ. ಮುಗಿಸಿದ್ದು ಸರಿಯಾಗಿ ಮುಗಿಯಿತೇ ಎಂದು ಆ ಆಡಿಟರು ನೋಡಬೇಕಿಲ್ಲ. ಬೆಂಗಳೂರಿನಲ್ಲಿ ಕೂತ ಕರ್ನಾಟಕದ ಪರಿಷತ್ತಿಗೂ ಇದೇ ಕಾಯ್ದೆ. ಬಾಕಿಯ ಪಟ್ಟಿ ಬದಿಗಿರಲಿ; ಮುಚ್ಚಿದ ಕಡತಗಳಲ್ಲಿ ಕೈಗೆ ಸಿಕ್ಕ ಐವತ್ತನ್ನು ಹೊರಗಿನ ಯಾರಾದರೂ ಪ್ರತಿವರ್ಷ ಬಿಚ್ಚಿ ಓದಲಿ, ಯಾವ ಹೆಸರು ಎಷ್ಟು ಸಲ ಬಂದಿದೆ ಎಂದು ಎಣಿಸಲಿ, ಅದನ್ನು ಆಯವ್ಯಯದ ಜೊತೆಗೇ ಅಚ್ಚು ಹಾಕಲಿ.