ಬಲಿಪೀಠದ ಮುಂದೆ ಮಲಗಿದವನು: ವಿಕ್ಟರ್ ಮಡರಾಸರ ಒಂದು ಶೋಕಚಿತ್ರ

ಕ್ರೈಸ್ತ ಕಲೆಯನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ಇಟಲಿ, ಸ್ಪೇನ್ ಮತ್ತು ಜರ್ಮನಿಗಳ ಎಲ್ಲೆಯನ್ನು ದಾಟುವುದಿಲ್ಲ. ಹಂಗೇರಿಯ ವಿಕ್ಟರ್ ಮಡರಾಸ್ (1830–1917) ಎಂಬ ಚಿತ್ರಕಾರರ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಅಪರಿಚಿತ. ರಮ್ಯಯುಗದ ಈ ಕಲಾವಿದರು ಇತಿಹಾಸದ ಚಿತ್ರಕಾರರು. ಅವರ ಹೆಸರು ಉಳಿದಿರುವುದು ಸಂತರ ಚಿತ್ರಗಳಿಂದಲ್ಲ. ಆದರೂ 1859ರಲ್ಲಿ ಅವರು ಪ್ಯಾರಿಸ್ಸಿನಲ್ಲಿ ರಚಿಸಿದ ‘ಲಾಸ್ಲೊ ಹುನ್ಯಾಡಿಗಾಗಿ ಶೋಕ’ ಎಂಬ ಚಿತ್ರವು ದೈವಶಾಸ್ತ್ರದ ಒಂದು ಕಠಿಣ ಪ್ರಶ್ನೆಯನ್ನು ನಮ್ಮೆದುರು ಇಡುತ್ತದೆ. ಪ್ರಭು ಯೇಸುವಿನ ಪಾಡುಗಳಿಗೆ ಸೇರಿದ ಶೋಕದ ರೂಪವನ್ನು ದೇಶಕ್ಕಾಗಿ ಸತ್ತವನಿಗೆ ತೊಡಿಸಬಹುದೇ? ತೊಡಿಸಿದಾಗ ಗಳಿಸುವುದೇನು, ಕಳೆದುಕೊಳ್ಳುವುದೇನು?

ಮೊದಲು ಚಿತ್ರದ ಹಿಂದಿನ ಇತಿಹಾಸವನ್ನು ನೋಡೋಣ. ಲಾಸ್ಲೊ, ಯಾನೋಶ್ ಹುನ್ಯಾಡಿಯ ಹಿರಿಯ ಮಗ. ಆ ಯಾನೋಶ್ 1456ರಲ್ಲಿ ಬೆಲ್‌ಗ್ರೇಡ್ ಕೋಟೆಯನ್ನು ಆಟೊಮನ್ ಸೈನ್ಯದಿಂದ ಕಾಪಾಡಿದವನು. ಆ ಯುದ್ಧದ ಸಂದರ್ಭದಲ್ಲಿ ಪ್ರಾರ್ಥನೆಗಾಗಿ ಗಂಟೆ ಬಾರಿಸಬೇಕೆಂದು ಜಗದ್ಗುರು ಮೂರನೆಯ ಕಲಿಕ್ಸ್ತುಸರು ಆಜ್ಞಾಪಿಸಿದರು. ಹಂಗೇರಿಯವರು ಮಧ್ಯಾಹ್ನದ ಗಂಟೆಯನ್ನು ಇಂದಿಗೂ ಆ ಜಯದೊಡನೆ ನೆನೆಯುತ್ತಾರೆ. ಜಯದ ಬೆನ್ನಲ್ಲೇ ಯಾನೋಶ್ ತೀರಿಕೊಂಡ. ಅದೇ ವರ್ಷದ ನವೆಂಬರಿನಲ್ಲಿ, ರಾಜನ ಬಂಧುವೂ ಹುನ್ಯಾಡಿ ಮನೆತನದ ಎದುರಾಳಿಯೂ ಆಗಿದ್ದ ಸೆಲ್ಯೆಯ ಉಲ್ರಿಕ್, ಬೆಲ್‌ಗ್ರೇಡಿನಲ್ಲಿ ಲಾಸ್ಲೊನ ಕಡೆಯವರಿಂದ ಹತನಾದ. ಹದಿಹರೆಯದ ರಾಜ ಐದನೆಯ ಲಾಸ್ಲೊ ಸೇಡು ತೀರಿಸುವುದಿಲ್ಲವೆಂದು ಪ್ರಮಾಣಮಾಡಿದ. ಕ್ರಿಸ್ತನ ಪವಿತ್ರ ಶರೀರದ ಮೇಲೆಯೇ ಆ ಪ್ರಮಾಣ ನಡೆಯಿತೆಂಬುದು ಪರಂಪರೆಯ ಮಾತು. 1457ರ ಮಾರ್ಚ್ 16ರಂದು ಅದೇ ರಾಜನ ಆಜ್ಞೆಯಂತೆ ಬುಡಾ ನಗರದಲ್ಲಿ ಲಾಸ್ಲೊನ ಶಿರಚ್ಛೇದವಾಯಿತು. ಮೂರು ಏಟುಗಳು ಬಿದ್ದರೂ ಆತ ಸಾಯಲಿಲ್ಲ, ವಾಡಿಕೆಯಂತೆ ದೊರೆಯಬೇಕಾಗಿದ್ದ ಕ್ಷಮೆ ದೊರೆಯಲಿಲ್ಲ ಎಂದು ಜನ ಹೇಳುತ್ತ ಬಂದರು.

ಮಡರಾಸರು ಶಿರಚ್ಛೇದವನ್ನು ಚಿತ್ರಿಸಲಿಲ್ಲ. ಸುಮಾರು ಎರಡೂವರೆ ಮೀಟರ್ ಎತ್ತರ, ಮೂರು ಮೀಟರಿಗೂ ಹೆಚ್ಚು ಅಗಲದ ಆ ಚಿತ್ರಪಟದಲ್ಲಿ ಎಲ್ಲವೂ ನಡೆದುಹೋಗಿದೆ. ಕತ್ತಲೆ ತುಂಬಿದ ಪ್ರಾರ್ಥನಾಲಯ. ಬಲಿಪೀಠದ ಮುಂದೆ ಚಟ್ಟ. ಅದರ ಮೇಲೆ ಬಿಳಿಯ ವಸ್ತ್ರ ಹೊದಿಸಿದ ದೇಹ. ಮುಖ ಕಾಣುವುದಿಲ್ಲ. ಕೊರಳಿನ ಬಳಿ ವಸ್ತ್ರಕ್ಕೆ ಒಸರಿದ ರಕ್ತ ಮಾತ್ರ ಕಾಣುತ್ತದೆ. ಕಾಲಿನ ಕಡೆ ಇಬ್ಬರು ಸ್ತ್ರೀಯರು ಮೊಣಕಾಲೂರಿದ್ದಾರೆ: ತಾಯಿ ಎರ್ಜೆಬೆತ್ ಸಿಲಾಗಿ ಮತ್ತು ನಿಶ್ಚಿತವಧು ಮಾರಿಯಾ ಗರಾ. ಮೇಣದ ಬತ್ತಿಗಳ ಬೆಳಕು ಬಿಳಿ ವಸ್ತ್ರದ ಮೇಲೆ ನಿಂತು, ಉಳಿದುದೆಲ್ಲ ನೆರಳಿಗೆ ಸರಿದಿದೆ.

ಈ ನೆರಳನ್ನು ಅಂದಿನ ಹಂಗೇರಿಯವರು ಸುಲಭವಾಗಿ ಅರ್ಥಮಾಡಿಕೊಂಡರು. 1848–49ರ ಸ್ವಾತಂತ್ರ್ಯ ಸಮರದಲ್ಲಿ ಮಡರಾಸರು ಇನ್ನೂ ಇಪ್ಪತ್ತು ತುಂಬದ ಸೈನಿಕರಾಗಿದ್ದರು. ಸಮರ ಸೋತಿತು. 1849ರ ಅಕ್ಟೋಬರ್ 6ರಂದು ಅರಾದ್ ನಗರದಲ್ಲಿ ಹದಿಮೂರು ಮಂದಿ ಸೇನಾನಾಯಕರಿಗೆ ಮರಣದಂಡನೆಯಾಯಿತು. ಆ ಸತ್ತವರ ಹೆಸರನ್ನು ಬಹಿರಂಗವಾಗಿ ಹೇಳಲಾಗದ ಕಾಲದಲ್ಲಿ ನಾಲ್ಕು ಶತಮಾನಗಳ ಹಿಂದಿನ ಒಂದು ಶವ ಅವರೆಲ್ಲರ ಪರವಾಗಿ ಮಲಗಿತು. 1861ರಲ್ಲಿ ಚಿತ್ರವು ಪ್ಯಾರಿಸ್ಸಿನ ಸಲೋನ್ ಪ್ರದರ್ಶನದಲ್ಲಿ ಚಿನ್ನದ ಪದಕ ಪಡೆಯಿತು. ಇಂದು ಅದು ಬುಡಾಪೆಸ್ಟಿನ ರಾಷ್ಟ್ರೀಯ ಕಲಾಸಂಗ್ರಹಾಲಯದಲ್ಲಿದೆ.

ಚಿತ್ರದ ದೊಡ್ಡ ಗುಣ ಅದರ ಸಂಯಮ. ಆ ಕಾಲದ ಇತಿಹಾಸ ಚಿತ್ರಗಳು ನಾಟಕವನ್ನು ಬಯಸುತ್ತಿದ್ದವು. ಫ್ರಾನ್ಸಿನ ದೆಲಾರೋಶ್ 1833ರಲ್ಲಿ ಲೇಡಿ ಜೇನ್ ಗ್ರೇಯ ಮರಣವನ್ನು ಬರೆದಾಗ ಕೊಡಲಿ ಬೀಳುವ ಮುಂಚಿನ ಕ್ಷಣವನ್ನೇ ಆರಿಸಿದರು; ನೋಡುವವರು ಉಸಿರು ಬಿಗಿಹಿಡಿಯುತ್ತಾರೆ. ಮಡರಾಸರಲ್ಲಿ ಕಾಯುವುದಕ್ಕೆ ಏನೂ ಉಳಿದಿಲ್ಲ. ರಾಜನಿಲ್ಲ, ಕೊಲೆಗಡುಕನಿಲ್ಲ, ನಾವು ದ್ವೇಷಿಸಬಹುದಾದ ಒಂದು ಮುಖವೂ ಅಲ್ಲಿಲ್ಲ. ಶೋಕವು ಸೇಡಿನ ಕಡೆಗೆ ತಿರುಗದಂತೆ ಚಿತ್ರಕಾರರು ದಾರಿಯನ್ನೇ ಮುಚ್ಚಿದ್ದಾರೆ. ಸೋತ ಸೈನಿಕನೊಬ್ಬನಿಂದ ಇಂಥ ಚಿತ್ರ ಬಂದುದು ಸಣ್ಣ ಸಂಗತಿಯಲ್ಲ. ಎಂಬತ್ತೆಂಟನೆಯ ಕೀರ್ತನೆ ಕತ್ತಲಲ್ಲೇ ಮುಗಿಯುವಂತೆ ಈ ಚಿತ್ರವೂ ಬೆಳಗನ್ನು ಅವಸರದಿಂದ ಕರೆಯುವುದಿಲ್ಲ. ಲಾಸ್ಲೊನ ತಮ್ಮ ಮತಿಯಾಸ್ 1458ರಲ್ಲಿ ರಾಜನಾದನೆಂಬುದು ಹಂಗೇರಿಯ ಪ್ರತಿ ಮಗುವಿಗೂ ಗೊತ್ತು. ಆದರೆ ಆ ಸಮಾಧಾನಕ್ಕೆ ಇಲ್ಲಿ ಪ್ರವೇಶವಿಲ್ಲ.

ಇಷ್ಟನ್ನು ಮೆಚ್ಚಿದ ಮೇಲೂ ನಮಗೆ ಒಂದು ಆಕ್ಷೇಪವಿದೆ. ಮೃತ ಪುತ್ರ, ಶೋಕಿಸುವ ತಾಯಿ, ಜೊತೆಗೆ ಇನ್ನೊಬ್ಬ ಸ್ತ್ರೀ, ಬಿಳಿಯ ವಸ್ತ್ರ: ಇವೆಲ್ಲ ಶಿಲುಬೆಯಿಂದ ಇಳಿಸಿದ ಪ್ರಭುವಿನ ಸುತ್ತ ಧರ್ಮಸಭೆಯು ಶತಮಾನಗಳಿಂದ ಕಂಡುಕೊಂಡ ರೂಪಗಳು. ಆ ರೂಪದೊಳಗೆ ಯಾರನ್ನು ಮಲಗಿಸಿದರೂ ಆತ ತಾನಾಗಿಯೇ ನಿರ್ದೋಷಿಯಾಗಿಬಿಡುತ್ತಾನೆ. ಲಾಸ್ಲೊ ನಿರ್ದೋಷಿಯಾಗಿರಲಿಲ್ಲ. ಉಲ್ರಿಕನಿಗೂ ಶವವಿತ್ತು, ಅದರ ಬಳಿ ಮೊಣಕಾಲೂರಿದವರನ್ನು ಯಾರೂ ಚಿತ್ರಿಸಲಿಲ್ಲ. ಪ್ರಮಾಣ ಮುರಿದ ರಾಜನ ಪಾಪ ಘೋರವಾದುದು ನಿಜ. ದೇವರ ನಾಮವನ್ನು ಸಾಕ್ಷಿಗೆ ಕರೆದು ಸುಳ್ಳಾಡುವುದು ಎರಡನೆಯ ಕಟ್ಟಳೆಗೆ ವಿರುದ್ಧ. ಆದರೆ ಒಬ್ಬನ ಪಾಪ ಇನ್ನೊಬ್ಬನನ್ನು ಕುರಿಮರಿಯಾಗಿಸುವುದಿಲ್ಲ. ಸತ್ತ ವೀರನಿಗೆ ಕ್ರಿಸ್ತನ ರೂಪ ಕೊಟ್ಟ ದೇಶವು ತನ್ನ ಪಾಪಗಳನ್ನು ಅರಿಕೆಮಾಡುವುದನ್ನು ಮರೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ರಾಷ್ಟ್ರಭಕ್ತಿಯ ಕಲೆಗೆ ಈ ಪ್ರಲೋಭನೆ ಸದಾ ಇತ್ತು. ಮಡರಾಸರ ಬಿಳಿಯ ವಸ್ತ್ರವೂ ಅದರಿಂದ ಪೂರ್ಣವಾಗಿ ಪಾರಾಗಿಲ್ಲ.

ಹಾಗಾದರೆ ಚಿತ್ರವನ್ನು ಬದಿಗಿಡಬೇಕೇ? ಬೇಡವೆಂಬುದು ನಮ್ಮ ಅಭಿಮತ. ಚಿತ್ರವು ತನ್ನ ಅಭಿಮಾನಿಗಳಿಗಿಂತ ಹೆಚ್ಚು ಸತ್ಯವಂತವಾಗಿದೆ. ಲಾಸ್ಲೊನ ದೇಹ ಬಲಿಪೀಠದ ಮೇಲಿಲ್ಲ, ಬಲಿಪೀಠದ ಮುಂದಿದೆ. ಪೀಠದ ಮೇಲೆ ಅರ್ಪಿತವಾಗುವುದು ಒಂದೇ ಬಲಿ. ಅದರ ಮುಂದೆ ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರಿಗೂ, ನೀತಿವಂತರಿಗೂ ಪಾಪಿಗಳಿಗೂ, ಕೊನೆಯ ದಿನ ಒಂದಿಷ್ಟು ಜಾಗವಿದೆ. ನಮ್ಮ ಇಂದಿನ ಅಂತ್ಯಸಂಸ್ಕಾರ ವಿಧಿಯಲ್ಲಿ ಶವಪೆಟ್ಟಿಗೆಗೆ ಹೊದಿಸುವ ಬಿಳಿಯ ವಸ್ತ್ರವು ಮೃತರ ಪುಣ್ಯದ ಗುರುತಲ್ಲ, ಅವರು ಉಟ್ಟ ದೀಕ್ಷಾಸ್ನಾನದ ವಸ್ತ್ರದ ಸ್ಮರಣೆ. ಆ ಕಣ್ಣಿನಿಂದ ನೋಡಿದರೆ ಮಡರಾಸರ ಬಿಳುಪು ಲಾಸ್ಲೊನ ಅಪರಾಧವನ್ನು ಅಳಿಸುವುದಿಲ್ಲ. ಅದನ್ನು ದೇವರ ಕರುಣೆಗೆ ಒಪ್ಪಿಸುತ್ತದೆ. ಮುಚ್ಚಿದ ಮುಖಕ್ಕೂ ಆಗ ಬೇರೆ ಅರ್ಥ ಬರುತ್ತದೆ: ತೀರ್ಪು ನೋಡುವವರಾದ ನಮ್ಮದಲ್ಲ.

ಇದು ನಮ್ಮ ಗುರುಸೇವೆಗೆ ನೇರವಾಗಿ ತಟ್ಟುವ ಮಾತು. ಅಂತ್ಯಸಂಸ್ಕಾರದ ಬಲಿಪೂಜೆಯಲ್ಲಿ ಪ್ರಬೋಧನೆಯು ಮೃತರ ಸ್ತುತಿಭಾಷಣವಾಗಕೂಡದೆಂದು ಧರ್ಮಸಭೆ ವಿಧಿಸಿದೆ. ಆದರೂ ಮನೆಯವರ ಕಣ್ಣೀರಿನ ಮುಂದೆ ನಾವು ಎರಡು ತಪ್ಪುಗಳಲ್ಲಿ ಒಂದಕ್ಕೆ ಜಾರುತ್ತೇವೆ. ಒಂದೋ ಸತ್ತವರನ್ನು ಸಂತರನ್ನಾಗಿ ಮಾಡುತ್ತೇವೆ, ಇಲ್ಲವೇ ಅಳುವವರಿಗೆ ಅಳಲು ಸಮಯ ಕೊಡದೆ ಪುನರುತ್ಥಾನದ ಮಾತಿಗೆ ಓಡುತ್ತೇವೆ. ಲಾಜರನನ್ನು ಎಬ್ಬಿಸಲಿದ್ದ ಪ್ರಭುವೇ ಮೊದಲು ಅವನಿಗಾಗಿ ಅತ್ತರೆಂಬುದನ್ನು ಸಂತ ಯೊವಾನ್ನರು ಮರೆಯದೆ ಬರೆದಿದ್ದಾರೆ. ಪವಿತ್ರ ಶನಿವಾರಕ್ಕೆ ಆರಾಧನಾವಿಧಿಯಲ್ಲಿ ಒಂದು ಇಡೀ ಹಗಲನ್ನು ಕೊಟ್ಟಿರುವುದು ಸುಮ್ಮನೆ ಅಲ್ಲ.

ಮಡರಾಸರು 1870ರಲ್ಲಿ ತಾಯ್ನಾಡಿಗೆ ಮರಳಿದಾಗ ಕಾಲ ಬದಲಾಗಿತ್ತು. ಆಸ್ಟ್ರಿಯದೊಡನೆ ರಾಜಿಯಾಗಿ ಮೂರು ವರ್ಷ ಕಳೆದಿತ್ತು; ಅವರ ಶೋಕಚಿತ್ರಗಳು ಯಾರಿಗೂ ಬೇಕಿರಲಿಲ್ಲ. ಅವರು ಕುಂಚವನ್ನು ಬದಿಗಿಟ್ಟು ಮನೆತನದ ತಾಮ್ರದ ವ್ಯವಹಾರಕ್ಕೆ ಇಳಿದರು, ಅದರಲ್ಲಿಯೂ ಸೋತು ಬಡತನದಲ್ಲಿ ಕಣ್ಮುಚ್ಚಿದರು. ದೇಶಕ್ಕೆ ಶೋಕ ಸಾಕೆನಿಸಬಹುದು; ಧರ್ಮಸಭೆಗೆ ಹಾಗೆನಿಸಕೂಡದು. ಒಬ್ಬ ಪಾಪಿಯ ಶವವನ್ನು ಪೀಠದ ಮುಂದಿರಿಸಿ, ಮುಖ ಮುಚ್ಚಿ, ಬತ್ತಿ ಹಚ್ಚಿ, ಅವನ ತಾಯಿಯ ಪಕ್ಕದಲ್ಲಿ ಮೊಣಕಾಲೂರಲು ನಮಗೆ ಬಂದರೆ, ಪುನರುತ್ಥಾನವನ್ನು ಸಾರುವ ಅಧಿಕಾರ ನಮ್ಮ ತುಟಿಗೆ ಸ್ವಲ್ಪಮಟ್ಟಿಗಾದರೂ ಬಂದೀತು.