ಭಾಜಕ ಮೂರು, ಭಾಜ್ಯ ಒಂದೇ

84,43,675. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ವ್ಯಾಪ್ತಿಯಲ್ಲಿ 2011ರ ಜನಗಣತಿಗೆ ಸಿಕ್ಕ ತಲೆಗಳ ಲೆಕ್ಕ ಇದು. 2022ರ ಜುಲೈಯಲ್ಲಿ ವಾರ್ಡುಗಳ ಮರುವಿಂಗಡಣೆಗೆಂದು ಬಿಜೆಪಿ ಸರ್ಕಾರ ಈ ಸಂಖ್ಯೆಯನ್ನು 243ರಿಂದ ಭಾಗಿಸಿತು. ವಾರ್ಡಿಗೆ ಸರಾಸರಿ 34,750ರ ಆಸುಪಾಸು ಬಂತು. 2023ರ ಸೆಪ್ಟೆಂಬರಿನಲ್ಲಿ ಕಾಂಗ್ರೆಸ್ ಸರ್ಕಾರ 225ರಿಂದ ಭಾಗಿಸಿತು, 37,500 ಬಂತು. 2025ರಲ್ಲಿ ಪಾಲಿಕೆಯೇ ಐದು ಹೋಳಾಗಿ, ಎಲ್ಲ ಸೇರಿ 369 ವಾರ್ಡುಗಳಾದವು. ಸರಾಸರಿ 23 ಸಾವಿರಕ್ಕೆ ಇಳಿಯಿತು. ಮೂರು ಸಲವೂ ಭಾಜಕ ಬದಲಾಯಿತು. ಭಾಜ್ಯ ಅಲುಗಲಿಲ್ಲ.

ಆದರೂ ಇವನ್ನು ಮೂರು ಬೇರೆ ಕೃತಿಗಳೆಂಬಂತೆ ಓದುವುದು ರೂಢಿಯಾಗಿದೆ. 2022ರದ್ದು ಪಕ್ಷಪಾತದ ಕೆಲಸ, 2023ರದ್ದು ಅದರ ತಿದ್ದುಪಡಿ, 2025ರದ್ದು ಹೊಸ ಆರಂಭ ಎಂಬ ಸರಳ ಕಥೆ ಒಂದು ಪಾಳಯದ್ದು. ಪಾತ್ರಗಳನ್ನಷ್ಟೇ ಅದಲು ಬದಲು ಮಾಡಿದ ಅದೇ ಕಥೆ ಇನ್ನೊಂದು ಪಾಳಯದ್ದು. ಅಧಿಸೂಚನೆಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಕಾಣುವುದು ಒಂದೇ ಪಠ್ಯದ ಮೂರು ಮುದ್ರಣ.

2022ರ ಆದೇಶಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಮೊದಲು ಸಲ್ಲಿಸಿಬಿಡಬೇಕು. ಅದಕ್ಕೂ ಮುಂಚಿನ 198 ವಾರ್ಡುಗಳು 2001ರ ಜನಗಣತಿಯ ಮೇಲೆ ನಿಂತಿದ್ದವು. ಹತ್ತೇ ವರ್ಷದಲ್ಲಿ, 2011ರ ಹೊತ್ತಿಗೆ, ಹೊರಮಾವು ವಾರ್ಡಿನ ಜನಸಂಖ್ಯೆ 95 ಸಾವಿರ ದಾಟಿತ್ತು. ಹಳೇ ಪೇಟೆ ಕಡೆಯ ಕೆಲವು ವಾರ್ಡುಗಳಲ್ಲಿ ಅದರ ಮೂರನೇ ಒಂದು ಪಾಲೂ ಇರಲಿಲ್ಲ. ಇಬ್ಬರು ಕಾರ್ಪೊರೇಟರ್‌ಗಳಿಗೂ ಕೌನ್ಸಿಲ್‌ನಲ್ಲಿ ಒಂದೊಂದೇ ಮತ. ನಗರದ ಅಂಚಿಗೆ ವಾರ್ಡುಗಳು ಹೆಚ್ಚಬೇಕಿತ್ತು, ಹೆಚ್ಚಿದವು.

ಆದರೆ ಗದ್ದಲ ಎದ್ದದ್ದು ಬೇರೆಯದಕ್ಕೆ. ವಾರ್ಡುಗಳಿಗೆ ಚಾಣಕ್ಯ, ಪುನೀತ್ ರಾಜ್‌ಕುಮಾರ್ ಮುಂತಾದ ಹೆಸರುಗಳು ಬಂದಾಗ ಪತ್ರಿಕೆಗಳ ಸಿಟ್ಟೆಲ್ಲ ಅತ್ತ ಹರಿಯಿತು. ಹೆಸರು ಕಳೆದುಕೊಂಡ ಬಡಾವಣೆಯವರ ಬೇಸರ ಸುಳ್ಳಲ್ಲ. ಆದರೆ ಹೆಸರನ್ನು ಒಂದು ತಿದ್ದುಪಡಿ ವಾಪಸು ತರಬಲ್ಲದು. ಗೆರೆಯ ಒಳಗೆ ಎಷ್ಟು ಜನರಿದ್ದಾರೆ ಎಂಬುದು ಹಾಗಲ್ಲ.

ಎರಡನೆಯ ಗುಂಪಿನ ವಿಮರ್ಶಕರು ನಕ್ಷೆಯನ್ನು ಗೋಡೆಗೆ ತೂಗುಹಾಕಿ, ಬಾಲ ಚಾಚಿದ ವಾರ್ಡೊಂದಕ್ಕೆ ಬೆರಳು ಮಾಡಿ 'ಜೆರ್ರಿಮ್ಯಾಂಡರಿಂಗ್' (ಪಕ್ಷದ ಲಾಭಕ್ಕೆ ಗಡಿ ತಿರುಚುವುದು) ಎನ್ನುತ್ತಾರೆ. ಮ್ಯಾಸಚೂಸೆಟ್ಸ್‌ನ ಗವರ್ನರ್ ಎಲ್ಬ್ರಿಜ್ ಗೆರಿ 1812ರಲ್ಲಿ ಸಹಿ ಹಾಕಿದ ಕಾಯ್ದೆಯಲ್ಲಿ ಒಂದು ಕ್ಷೇತ್ರ ಸಾಲಮಾಂಡರ್ ಎಂಬ ಹಲ್ಲಿಯಾಕಾರದ ಪ್ರಾಣಿಯಂತೆ ಕಂಡಿತು. ಗೆರಿಯ ಹೆಸರನ್ನೂ ಪ್ರಾಣಿಯ ಹೆಸರನ್ನೂ ಕೂಡಿಸಿ ಆ ಪದ ಹುಟ್ಟಿತು. ಅಲ್ಲಿಗದು ಸರಿ. ಬೆಂಗಳೂರು ಹುಟ್ಟಿದ್ದು ಚೌಕುಳಿ ಕಾಗದದ ಮೇಲಲ್ಲ. ಕೆರೆ, ರಾಜಕಾಲುವೆ, ಗೋಮಾಳ, ಹಳ್ಳಿಗಳನ್ನು ನುಂಗಿ ಬೆಳೆದ ಊರು. 2007ರಲ್ಲಿ ಬಿಬಿಎಂಪಿ ಆದಾಗ ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳು ಒಟ್ಟಿಗೆ ಒಳಬಂದವು. ಇಲ್ಲಿ ಡೊಂಕು ಗೆರೆ ಎಷ್ಟೋ ಸಲ ಹಳೇ ಗ್ರಾಮದ ಗಡಿಯೋ ಕಾಲುವೆಯ ತಿರುವೋ ಆಗಿರುತ್ತದೆ. ಮುಖ್ಯರಸ್ತೆಯ ನಡುವೆ ಎಳೆದ ನೇರ ಗೆರೆ ಮಾತ್ರ ಒಂದೇ ರೆವಿನ್ಯೂ ಬಡಾವಣೆಯನ್ನು ಎರಡು ವಾರ್ಡಿಗೆ ಹಂಚಬಲ್ಲದು. ಆಕಾರ ನೋಡಿ ಅನ್ಯಾಯ ಅಳೆಯುವುದೆಂದರೆ ಕೈಬರಹ ನೋಡಿ ಕಾವ್ಯ ಅಳೆದಂತೆ.

ನಿಂತು ಓದಬೇಕಾದದ್ದು ಅಧಿಸೂಚನೆಯ ಜನಸಂಖ್ಯೆಯ ಅಂಕಣ. ಚಕ್ಕುಬಂದಿ ವಿವರಿಸುವಾಗ ಅದೇ ಅಧಿಸೂಚನೆ ಬಹು ಎಚ್ಚರದಿಂದಿರುತ್ತದೆ. ಉತ್ತರಕ್ಕೆ ಇಂಥ ರಸ್ತೆ, ಪೂರ್ವಕ್ಕೆ ಇಂಥ ಕಾಲುವೆ ಎಂದು ದಿಕ್ಕು ತಪ್ಪದೆ ಸಾಗುವ ಈ ಗದ್ಯ ಸೈಟು ಖರೀದಿಸಿದ ಯಾರಿಗೂ ಪರಿಚಿತ. ರಸ್ತೆ ಇವತ್ತಿನದು, ಮೆಟ್ರೋ ಮಾರ್ಗವಿದ್ದರೆ ಅದೂ ಇವತ್ತಿನದು. ಜನ ಮಾತ್ರ 2011ರವರು. ಒಂದೇ ದಾಖಲೆಯಲ್ಲಿ ಎರಡು ಕಾಲ! ಹೊಸ ನೆಲದ ಮೇಲೆ ಹಳೇ ಜನರನ್ನು ಕೂರಿಸಿ, ವಾರ್ಡ್ ವಾರ್ಡಿಗೂ ಸಂಖ್ಯೆ ಹೆಚ್ಚುಕಮ್ಮಿ ಸಮ ಬಂತೆಂದು ಸಮಾಧಾನಪಟ್ಟುಕೊಳ್ಳುವ ಕಲೆ ಇದು.

ಇದರ ಮೇಲೆ ಮೂರನೆಯ ಕಾಲವೂ ಕೂತಿದೆ. 2022ರ ವಿಂಗಡಣೆ ವಾರ್ಡನ್ನು ವಿಧಾನಸಭಾ ಕ್ಷೇತ್ರದ ಗಡಿಯೊಳಗೇ ಹಿಡಿದಿಟ್ಟಿತು. ಆ ಕ್ಷೇತ್ರಗಳ ಗಡಿ 2008ರ ಚುನಾವಣೆಗೆ ಜಾರಿಯಾದದ್ದು. ಅದರ ಆಧಾರ 2001ರ ಜನಗಣತಿ. ಹೀಗಾಗಿ 2001ರ ಗೋಡೆಯೊಳಗೆ 2011ರ ಜನರನ್ನು 2022ರ ರಸ್ತೆಗಳ ಮೇಲೆ ಹಂಚಲಾಯಿತು. ಗೋಡೆ ಎಷ್ಟು ಬಿರುಕುಬಿಟ್ಟಿದೆ ಎಂಬುದಕ್ಕೆ 2023ರ ವಿಧಾನಸಭೆಯ ಮತದಾರರ ಪಟ್ಟಿಯೇ ಸಾಕ್ಷಿ: ಶಿವಾಜಿನಗರದಲ್ಲಿ ಸುಮಾರು 2 ಲಕ್ಷ ಮತದಾರರಿದ್ದರೆ ಮಹದೇವಪುರದಲ್ಲಿ ಸುಮಾರು 6 ಲಕ್ಷ. ಒಬ್ಬ ಶಾಸಕನ ಸೀಮೆಯೊಳಗೇ ಕಾರ್ಪೊರೇಟರ್ ಉಳಿಯುವುದು ಆಡಳಿತಕ್ಕೆ ಅನುಕೂಲ ಎನ್ನುವವರಿದ್ದಾರೆ. ಶಾಸಕರಿಗೆ ಅನುಕೂಲವೆಂಬುದರಲ್ಲಿ ಅನುಮಾನವಿಲ್ಲ.

ಜನಗಣತಿಯನ್ನು ಬಿಟ್ಟು ಇನ್ನೇನು ಮಾಡಬೇಕಿತ್ತು ಎಂಬ ಪ್ರಶ್ನೆ ನ್ಯಾಯವಾದದ್ದೇ. ಕಾನೂನು ಕೇಳುವುದು ಪ್ರಕಟವಾದ ಜನಗಣತಿಯ ಅಂಕಿಯನ್ನು. 2021ರ ಗಣತಿ ಸಕಾಲಕ್ಕೆ ನಡೆಯಲೇ ಇಲ್ಲ. ಹಾಗಾದರೆ ಮತದಾರರ ಪಟ್ಟಿಯನ್ನೇ ಹಿಡಿಯಿರಿ ಎನ್ನುವವರ ವಾದವೂ ಪೂರ್ತಿ ಒಪ್ಪತಕ್ಕದ್ದಲ್ಲ. ಶೆಡ್ಡಿನಲ್ಲಿರುವ ಕಟ್ಟಡ ಕಾರ್ಮಿಕನ ಹೆಸರು ಅನೇಕ ಸಲ ಊರಿನ ಪಟ್ಟಿಯಲ್ಲಿರುತ್ತದೆ. ಅವನ ಮಕ್ಕಳ ಹೆಸರು ಎಲ್ಲೂ ಇರುವುದಿಲ್ಲ. ಚರಂಡಿ ಮಾತ್ರ ಎಲ್ಲರಿಗೂ ಬೇಕು. ಆದರೆ 2011ರ ಅಂಕಿಯ ಪಕ್ಕದಲ್ಲಿ ಇವತ್ತಿನ ಮತದಾರರ ಸಂಖ್ಯೆಗೆ ಒಂದು ಅಂಕಣ ಬಿಡಲು ಯಾವ ಕಾನೂನೂ ಅಡ್ಡಿಯಾಗಿರಲಿಲ್ಲ. ಆಕ್ಷೇಪಣೆ ಸಲ್ಲಿಸುವವನು ಯಾವುದಕ್ಕೆ ಆಕ್ಷೇಪಿಸಬೇಕೆಂಬುದು ಆಗ ಕಣ್ಣಿಗೆ ಬೀಳುತ್ತಿತ್ತು. ಕಾನೂನು ಕೈಕಟ್ಟಿತು ಎಂಬ ಸಬೂಬು ಈ ಅಂಕಣದೆದುರು ನಿಲ್ಲುವುದಿಲ್ಲ.

2022ರ ಆದೇಶ ಹೊರಬಿದ್ದು ಎರಡು ತಿಂಗಳೂ ಕಳೆದಿರಲಿಲ್ಲ, ಸೆಪ್ಟೆಂಬರಿನ ಮಳೆಗೆ ಹೊರವರ್ತುಲ ರಸ್ತೆ, ಬೆಳ್ಳಂದೂರು, ಮಹದೇವಪುರದ ಬಡಾವಣೆಗಳು ಮುಳುಗಿದವು; ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. 2015ರಲ್ಲಿ ಆಯ್ಕೆಯಾದ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್ 10ಕ್ಕೇ ಮುಗಿದಿತ್ತು. ಆ ನೀರಿನಲ್ಲಿ ನಿಂತವರಿಗೆ ದೂರು ಹೇಳಲು ಕಾರ್ಪೊರೇಟರ್ ಇರಲಿಲ್ಲ. ಇದ್ದಿದ್ದರೂ, ಕಾಲುವೆಯನ್ನೇ ಚಕ್ಕುಬಂದಿ ಮಾಡಿಕೊಂಡ ಕಡೆಗಳಲ್ಲಿ ಒಂದು ದಡದವರು ಒಬ್ಬನನ್ನೂ ಎದುರು ದಡದವರು ಇನ್ನೊಬ್ಬನನ್ನೂ ಹುಡುಕಬೇಕಾಗುತ್ತಿತ್ತು.